ತಟ್ಟೆಯಲ್ಲಿ ಬೆಳೆದ ಕರುಳು ಯಾರದು?

ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯಿಂದ ತೆಗೆದ ಚೂರನ್ನು ಜೆಲ್‌ನಲ್ಲಿಟ್ಟು ಪೋಷಿಸಿದರೆ ಅದರ ಕಾಂಡಕೋಶಗಳು ಸಾಸಿವೆಗಿಂತ ಚಿಕ್ಕ ಉಂಡೆಗಳಾಗಿ ಬೆಳೆಯುತ್ತವೆ. ಇವೇ ಆರ್ಗನಾಯ್ಡ್‌ಗಳು. ಇಲಿಯ ಕರುಳಿನ ಒಂದೇ ಕಾಂಡಕೋಶದಿಂದ ಇಂಥವನ್ನು ಬೆಳೆಸಬಹುದೆಂದು ನೆದರ್ಲೆಂಡ್ಸ್‌ನಲ್ಲಿ ತೊಶಿರೊ ಸಾಟೊ ಮತ್ತು ಹಾನ್ಸ್ ಕ್ಲೆವರ್ಸ್ 2009ರಲ್ಲಿ ತೋರಿಸಿದರು. ಗಡ್ಡೆಯ ಜೀನ್ ದೋಷಗಳು ಬಹುಮಟ್ಟಿಗೆ ಉಂಡೆಯಲ್ಲೂ ಉಳಿಯುವುದರಿಂದ, ರೋಗಿಗೆ ಕೊಡಬೇಕಾದ ಕಿಮೋ ಔಷಧವನ್ನು ಮೊದಲು ಅದರ ಮೇಲೆ ಹಾಕಿ ನೋಡಬಹುದು. ರೋಗಿ ತೀರಿಕೊಂಡ ಮೇಲೂ ಅದು ಬೆಳೆಯುತ್ತಲೇ ಇರಬಹುದು. ಹಾಗಾದರೆ ಅದು ಯಾರು, ಮತ್ತು ಯಾರದು? ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಎರಡನೆಯದನ್ನು ಕೈಬಿಡುವಂತಿಲ್ಲ ಎಂಬುದು ನನ್ನ ವಾದ.

ಮೊದಲನೆಯದಕ್ಕೆ ಅದ್ವೈತ ನೇರ ಉತ್ತರ ಕೊಡುತ್ತದೆ. ಶಂಕರರ ಬ್ರಹ್ಮಸೂತ್ರ ಭಾಷ್ಯ ಶುರುವಾಗುವುದೇ ಅಧ್ಯಾಸದ ವಿಚಾರದಿಂದ, ಅಂದರೆ ದೇಹದ ಗುಣಗಳನ್ನು ಆತ್ಮಕ್ಕೆ ಅಂಟಿಸಿ ಅದನ್ನೇ ನಾನೆಂದು ಬಗೆಯುವ ತಪ್ಪಿನಿಂದ. ಇಡೀ ದೇಹವೇ ನಾನಲ್ಲವಾದರೆ ಜೆಲ್‌ನಲ್ಲಿರುವ ಉಂಡೆ ನಾನು ಹೇಗಾದೀತು? ನರವಿಲ್ಲದ, ಮೆದುಳಿಲ್ಲದ ಅದಕ್ಕೆ ನೋವೂ ಇಲ್ಲ. ನೋಯಬಲ್ಲ ಜೀವಕ್ಕಿಂತ ಮೊದಲು ಅದು ವಿಷ ಉಣ್ಣಲಿ ಎನ್ನುವುದು ಅಹಿಂಸೆಗೆ ಒಪ್ಪುವ ಮಾತೇ. ಆದರೆ ಸಾಮಾನ್ಯವಾಗಿ ಬಳಸುವ ಮ್ಯಾಟ್ರಿಜೆಲ್ ಬರುವುದು ಇಲಿಗಳಲ್ಲಿ ಬೆಳೆಸಿದ ಗಡ್ಡೆಯಿಂದ. ಪ್ರಾಣಿಹಿಂಸೆಯಿಲ್ಲದ ಪರೀಕ್ಷೆ ಎಂದು ಹೊಗಳುವವರು ಇದನ್ನೂ ಹೇಳಬೇಕು.

ಇನ್ನು ಎರಡನೆಯ ಪ್ರಶ್ನೆ, ಅದು ಯಾರದು ಎಂಬುದು. ಅದಕ್ಕೆ ಎರಡು ಪ್ರಸಂಗಗಳನ್ನು ಒಟ್ಟಿಗೆ ನೋಡಬೇಕು. 1999-2000ರಲ್ಲಿ ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್‌ನಲ್ಲಿ ಬಾಯಿ ಕ್ಯಾನ್ಸರ್ ರೋಗಿಗಳ ಗಡ್ಡೆಗಳಿಗೆ ಪ್ರಾಯೋಗಿಕ ರಾಸಾಯನಿಕವೊಂದನ್ನು ಚುಚ್ಚಲಾಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರು ಅದರಲ್ಲಿ ಪಾಲುದಾರರು. ತನ್ನ ನೈತಿಕ ಸಮಿತಿಯ ಒಪ್ಪಿಗೆ ಪಡೆದಿರಲಿಲ್ಲ, ಮನುಷ್ಯರಿಗೆ ಕೊಡುವ ಮುನ್ನ ಪ್ರಾಣಿಗಳ ಮೇಲಿನ ಪರೀಕ್ಷೆಯೂ ಸಾಲದಾಗಿತ್ತು ಎಂದು 2001ರಲ್ಲಿ ಆ ವಿಶ್ವವಿದ್ಯಾಲಯದ ತನಿಖೆಯೇ ಹೇಳಿತು. ಅಂದು ಆರ್ಗನಾಯ್ಡ್‌ಗಳು ಇದ್ದಿದ್ದರೆ ಮೊದಲ ಸೂಜಿ ಆ ಬಡ ಬಾಯಿಗಳಿಗೆ ತಾಗಬೇಕಿರಲಿಲ್ಲ. ಅದೇ ಹಾಪ್ಕಿನ್ಸ್‌ನಲ್ಲಿ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗಡ್ಡೆಯ ಕೋಶಗಳನ್ನು ಕೇಳದೆ ತೆಗೆದುಕೊಂಡರು. ಅವು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಬೆಳೆದವು, ಕಂಪನಿಗಳು ಅವನ್ನು ಮಾರಿದವು, ಮನೆಯವರಿಗೆ ದಶಕಗಳ ಕಾಲ ಸುದ್ದಿಯೇ ಇರಲಿಲ್ಲ. ತಿರುವನಂತಪುರದ ತಪ್ಪನ್ನು ತಡೆಯಬಲ್ಲ ಆರ್ಗನಾಯ್ಡ್ ಲ್ಯಾಕ್ಸ್‌ಗೆ ಆದ ಅನ್ಯಾಯವನ್ನು ಮರುಕಳಿಸಲೂ ಬಲ್ಲದು. ಆಪರೇಷನ್ನಿನಲ್ಲಿ ಕತ್ತರಿಸಿ ಎಸೆಯುವ ಮಾಂಸಕ್ಕೆ ಒಡೆತನವೇಕೆ ಎಂದು ಕೇಳುವವರಿದ್ದಾರೆ. ಎಸೆದಿದ್ದರೆ ಆ ಮಾತು ಸರಿ. ಇಟ್ಟುಕೊಂಡು ಬೆಳೆಸಿದಾಗ ಅದು ರೋಗಿಯ ಜೀನ್‌ಗಳನ್ನಷ್ಟೇ ಅಲ್ಲ, ಆಕೆಯ ಮಕ್ಕಳ ವಿಷಯವನ್ನೂ ಹೇಳಬಲ್ಲದು. ಧರ್ಮಶಾಸ್ತ್ರ ನಿಕ್ಷೇಪವನ್ನು, ಅಂದರೆ ನಂಬಿ ಒಪ್ಪಿಸಿದ ಒಡವೆಯನ್ನು, ವ್ಯವಹಾರದ ಒಂದು ಪ್ರತ್ಯೇಕ ವಿಷಯವಾಗಿಯೇ ಎಣಿಸಿತು. ಇಟ್ಟುಕೊಂಡವನು ಕಾವಲುಗಾರ, ಒಡೆಯನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೂ ಮಾದರಿ ಕೊಟ್ಟವರದು, ಅದನ್ನು ಕಾಯ್ದಿಡುವ ಬಯೋಬ್ಯಾಂಕ್ ಅದರ ಪಾಲಕ ಎನ್ನುತ್ತದೆ.

ಹೀಗೆ ಪ್ರತಿ ಚೂರಿಗೂ ಒಪ್ಪಿಗೆ ಕೇಳುತ್ತ ಕೂತರೆ ಸಂಶೋಧನೆ ನಿಧಾನವಾಗುತ್ತದೆ, ಸಾಯುವವರು ಕಾಯಲಾರರು ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಆ ಅವಸರವೇ ರೋಗಿಗೆ ಸುಳ್ಳು ಭರವಸೆಯನ್ನೂ ಮಾರುತ್ತದೆ. 2018ರಲ್ಲಿ ಪ್ರಕಟವಾದ ಲಂಡನ್ ಅಧ್ಯಯನದಲ್ಲಿ ಆರ್ಗನಾಯ್ಡ್‌ಗೆ ನಾಟದ ಔಷಧ ರೋಗಿಗೂ ನಾಟಲಿಲ್ಲ. ಆದರೆ ಮರುವರ್ಷದ ಡಚ್ ಅಧ್ಯಯನದಲ್ಲಿ ಇರಿನೊಟೆಕಾನ್ ಎಂಬ ಕಿಮೋ ಔಷಧದ ಫಲವನ್ನು ಉಂಡೆಗಳು ಚೆನ್ನಾಗಿಯೇ ಊಹಿಸಿದರೂ 5-ಎಫ್‌ಯು ಮತ್ತು ಆಕ್ಸಾಲಿಪ್ಲಾಟಿನ್ ಜೋಡಿಯ ಫಲವನ್ನು ಊಹಿಸಲಿಲ್ಲ. ರಕ್ತನಾಳ, ಲಿವರ್, ರೋಗನಿರೋಧಕ ಕೋಶಗಳು ಯಾವುವೂ ಉಂಡೆಯಲ್ಲಿಲ್ಲ. ತಟ್ಟೆಯಲ್ಲಿ ಗೆದ್ದ ಔಷಧ ದೇಹದಲ್ಲಿ ಸೋಲಬಹುದೆಂಬುದನ್ನೂ, ತನ್ನ ನಂತರ ಆ ಉಂಡೆ ಎಲ್ಲಿ, ಯಾರ ಲಾಭಕ್ಕೆ ಬೆಳೆಯುತ್ತದೆಂಬುದನ್ನೂ ರೋಗಿಗೆ ಮಲಯಾಳದಲ್ಲೋ ಕನ್ನಡದಲ್ಲೋ ಹೇಳಿ, ಬೇಡ ಎನ್ನುವ ಹಕ್ಕನ್ನು ಕೊಟ್ಟು, ಆಮೇಲೆ ಸಹಿ ಕೇಳಬೇಕು.