ಹೆಜ್ಜೆ ಗುರುತು ನೋಡಿ ತೀರ್ಮಾನ ಮಾಡಬಹುದೇ?

*ಇಂದಿನ ಧಮ್ಮ ಚಿಂತನೆ*



ಒಂದು ಗುರುತನ್ನು ಕಂಡು ನಾವು ಎಷ್ಟು ದೂರ ತೀರ್ಮಾನಕ್ಕೆ ಹೋಗಬಹುದು? ಇದು ಇಂದಿನ ಪ್ರಶ್ನೆ. ಉತ್ತರ ಹುಡುಕಲು ನಮ್ಮ ಕೆರೆ, ಬೆಟ್ಟಗಳ ಕಡೆಗೇ ಹೋಗೋಣ.

ಬೇಸಿಗೆಯಲ್ಲಿ ನಮ್ಮ ಕಡೆಯ ಕೆರೆಗಳು ಒಣಗಿ, ಮಧ್ಯದಲ್ಲಿ ಒಂದಿಷ್ಟು ನೀರು ಉಳಿಯುತ್ತದೆ. ಬೆಳಿಗ್ಗೆ ಬೇಗ ಹೋದರೆ ಆ ಕೆಸರಿನಲ್ಲಿ ರಾತ್ರಿಯ ಲೆಕ್ಕವೆಲ್ಲ ಬರೆದಿರುತ್ತದೆ. ಕೊಕ್ಕರೆಯ ಉದ್ದ ಬೆರಳು, ನವಿಲಿನ ಹೆಜ್ಜೆ, ನರಿಯ ಪಾದ, ಕಾಡುಹಂದಿಯ ಸೀಳು ಗೊರಸು, ಅವುಗಳ ಪಕ್ಕದಲ್ಲೇ ಊರಿನ ದನ ಕುರಿಗಳದ್ದು. ಮಳೆ ಬಿದ್ದ ಮೇಲೆ ಬೆಟ್ಟದ ಕೆಮ್ಮಣ್ಣಿನ ದಾರಿ ಮಾತಾಡುತ್ತದೆ. ಕರಡಿ ಕೆದಕಿದ ಹುತ್ತ, ಮುಳ್ಳುಹಂದಿ ಬಿಟ್ಟುಹೋದ ಮುಳ್ಳು, ಬಂಡೆಯ ಮೇಲೆ ಬೀಜ ತುಂಬಿದ ಪುನುಗು ಬೆಕ್ಕಿನ ಹಿಕ್ಕೆ. ರಾಗಿ ಕೊಯ್ಲಿನ ಹೊತ್ತಿಗೆ ಉತ್ತರದ ಚಳಿ ನಾಡುಗಳಿಂದ ಬಂದ ಸಿಪಿಲೆ ಹಕ್ಕಿ ಕೆರೆಯಂಚಿನಲ್ಲಿ ಬಾಲ ಕುಣಿಸುತ್ತಾ ಓಡಾಡುತ್ತಿರುತ್ತದೆ.

ಈಗ ಒಂದು ಪರೀಕ್ಷೆ. ಚಿಂತಾಮಣಿ ಕಡೆಯ ಕೈವಾರ ಬೆಟ್ಟದ ದಾರಿಯಲ್ಲೋ, ನಂದಿ ಬೆಟ್ಟದ ತಪ್ಪಲಲ್ಲೋ ದೊಡ್ಡದೊಂದು ಪಂಜದ ಗುರುತು ಕಂಡಿತು ಎಂದುಕೊಳ್ಳಿ. ಫೋಟೋ ತೆಗೆದು "ಚಿರತೆ ಬಂದಿದೆ" ಎಂದು ಗ್ರೂಪಿಗೆ ಹಾಕಲು ಅರ್ಧ ನಿಮಿಷ ಸಾಕು. ಆದರೆ ಬಗ್ಗಿ ನೋಡಿದರೆ ಬೆರಳುಗಳ ಮುಂದೆ ಉಗುರು ಊರಿದ ಚುಕ್ಕಿಗಳಿವೆ. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಂಡಿರುತ್ತದೆ, ಆದ್ದರಿಂದ ಅದರ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರು ಮೂಡುವುದಿಲ್ಲ. ಉಗುರು ಮೂಡುವುದು ನಾಯಿಯ ಹೆಜ್ಜೆಯಲ್ಲಿ. ಗಾತ್ರ ನೋಡಿ ಹೆದರಿದವನು ಊರನ್ನೆಲ್ಲ ಹೆದರಿಸುತ್ತಾನೆ. ಇನ್ನೊಂದು ಗುರುತಿಗಾಗಿ ಕಾದವನು ಸತ್ಯದ ಹತ್ತಿರ ಹೋಗುತ್ತಾನೆ.

ಇದನ್ನೇ ಭಗವಾನ್ ಬುದ್ಧರು ಮಜ್ಝಿಮ ನಿಕಾಯದ 27ನೇ ಸುತ್ತದಲ್ಲಿ ಹೇಳಿದ್ದಾರೆ. ಅದರ ಹೆಸರು ಚೂಳಹತ್ಥಿಪದೋಪಮ ಸುತ್ತ, ಅಂದರೆ ಆನೆ ಹೆಜ್ಜೆಯ ಉಪಮೆ. ಜಾಣುಸ್ಸೋಣಿ ಎಂಬ ಬ್ರಾಹ್ಮಣನು ಒಬ್ಬ ಪರಿವ್ರಾಜಕನಿಂದ ಬುದ್ಧರ ಹೊಗಳಿಕೆ ಕೇಳಿ ಬಂದಿರುತ್ತಾನೆ. "ದೊಡ್ಡ ದೊಡ್ಡ ಪಂಡಿತರೇ ವಾದಕ್ಕೆ ಬಂದು ಶಿಷ್ಯರಾದರು. ಆ ಹೆಜ್ಜೆ ನೋಡಿಯೇ ಇವರು ಮಹಾನುಭಾವರೆಂದು ತಿಳಿದೆ" ಎಂಬ ಅರ್ಥದ ಮಾತು ಅದು. ಬುದ್ಧರು ಹೊಗಳಿಕೆಗೆ ಹಿಗ್ಗಲಿಲ್ಲ, ಉಪಮೆ ಇನ್ನೂ ಪೂರ್ತಿಯಾಗಿಲ್ಲ ಎಂದರು. ಜಾಣ ಆನೆಗಾರ ದೊಡ್ಡ ಹೆಜ್ಜೆ ನೋಡಿದ ಕೂಡಲೇ "ಇದು ಮಹಾಗಜ" ಎನ್ನುವುದಿಲ್ಲ, ಏಕೆಂದರೆ ದೊಡ್ಡ ಪಾದದ ಗಿಡ್ಡ ಹೆಣ್ಣಾನೆಗಳೂ ಕಾಡಿನಲ್ಲಿವೆ. ಅವನು ಹೆಜ್ಜೆ ಹಿಡಿದು ಮುಂದೆ ಹೋಗುತ್ತಾನೆ. ಎತ್ತರದಲ್ಲಿ ಮೈ ಉಜ್ಜಿದ ಗುರುತು, ದಂತ ಗೀರಿದ ಗುರುತು, ಮುರಿದ ಕೊಂಬೆ ಎಲ್ಲವನ್ನೂ ನೋಡುತ್ತಾನೆ. ಕೊನೆಗೆ ಆನೆಯನ್ನೇ ಕಂಡಾಗ ಮಾತ್ರ ತೀರ್ಮಾನಿಸುತ್ತಾನೆ. ಬುದ್ಧರು ಈ ನಿಯಮವನ್ನು ತಮಗೂ ಅನ್ವಯಿಸಿದರು. ಧಮ್ಮದ ದಾರಿಯಲ್ಲಿ ನಡೆದು ಸ್ವತಃ ಕಾಣುವ ತನಕ ಗುರುವಿನ ಬಗ್ಗೆಯೂ ಕೊನೆಯ ಮಾತು ಹೇಳಬೇಡಿ ಎಂದರು.

ಬಂಧುಗಳೇ, ಜಾತಿ ಎಂದರೆ ಇದಕ್ಕೆ ತದ್ವಿರುದ್ಧ. ಜಾತಿ ಗುರುತಿನಲ್ಲೇ ನಿಂತುಬಿಡುತ್ತದೆ. ಕೇರಿ ಯಾವುದು, ಹೆಸರೇನು, ಊಟ ಏನು ಎಂದು ಕೇಳಿದರೆ ಮುಗಿಯಿತು, ಮನುಷ್ಯನ ತನಕ ಹೋಗುವುದೇ ಇಲ್ಲ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ತಮ್ಮ ಹೆಜ್ಜೆಯನ್ನು ತಾವೇ ಅಳಿಸುತ್ತಾ ನಡೆಯಬೇಕಿತ್ತು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ನರಿಯ ಹೆಜ್ಜೆ ಮಣ್ಣಿನಲ್ಲಿ ಉಳಿಯಬಹುದಿತ್ತು, ನಮ್ಮ ಹಿರಿಯರದು ಉಳಿಯಬಾರದಿತ್ತು. ಮಹಾಡಿನ ಚವದಾರ್ ಕೆರೆಗೆ ದನಕರುಗಳು ಇಳಿಯಬಹುದಿತ್ತು, ನಾವು ಇಳಿಯಬಾರದಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ಕೆರೆಗಿಳಿದು ನೀರು ಕುಡಿದರು. ಅಂದು ಅಲ್ಲಿ ಮೂಡಿದ ಹೆಜ್ಜೆಯನ್ನು ಯಾರ ಪೊರಕೆಯೂ ಅಳಿಸಲಾಗಿಲ್ಲ.

ನಮ್ಮ ಸೀಮೆಯ ಕಥೆಯೂ ಬೇರೆಯಲ್ಲ. ಇಲ್ಲಿನ ಅನೇಕ ಊರುಗಳಲ್ಲಿ ಕೆರೆಯ ತೂಬು ಎತ್ತಿ, ಪ್ರತಿ ಗದ್ದೆಗೂ ಪಾಲು ತಪ್ಪದಂತೆ ನೀರು ಹಾಯಿಸುತ್ತಿದ್ದ ನೀರಗಂಟಿ ದಲಿತ ಮನೆಯವನು. ಮೋಡ, ಕಟ್ಟೆ, ಪೈರಿನ ಬಣ್ಣ ಎಲ್ಲವನ್ನೂ ಓದಬಲ್ಲ ಆ ಕಣ್ಣನ್ನು ಊರು ನಂಬಿತು. ಆದರೆ ಅದೇ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ.

ಒಂದು ಕಹಿ ಮಾತೂ ಇದೆ. ಗುರುತಿನಲ್ಲೇ ನಿಲ್ಲುವ ಈ ಚಟ ನಮ್ಮೊಳಗೂ ಉಳಿದಿದೆ. ದೀಕ್ಷೆ ಪಡೆದ ಮೇಲೂ "ಎಡಗೈಯವರೋ, ಬಲಗೈಯವರೋ" ಎಂದು ಮೆಲ್ಲಗೆ ವಿಚಾರಿಸಿ ಹೆಣ್ಣು ಕೊಡುವುದು, ತರುವುದು ನಡೆದಿದೆ. ಅನ್ಯಾಯವನ್ನು ಎಣಿಸಲು, ಪಾಲು ಕೇಳಲು ಸರ್ಕಾರದ ಕಾಗದದಲ್ಲಿ ಜಾತಿಯ ಹೆಸರು ಬೇಕು, ಅದು ನ್ಯಾಯದ ಮಾತು. ಆದರೆ ಎದುರಿಗೆ ನಿಂತ ಮನುಷ್ಯನ ಯೋಗ್ಯತೆಯನ್ನು ಆ ಹೆಸರಿನಿಂದ ಅಳೆದರೆ ನಾವೂ ಮೊದಲ ಹೆಜ್ಜೆಯಲ್ಲೇ ನಿಂತ ಆನೆಗಾರರೇ.

"ತೀರ್ಮಾನ ಮಾಡದೆ ಕೂತರೆ ಚಿರತೆ ಕುರಿ ಹೊತ್ತೊಯ್ಯುವುದಿಲ್ಲವೇ?" ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಎಚ್ಚರಿಕೆ ಬೇರೆ, ತೀರ್ಪು ಬೇರೆ. ಕತ್ತಲಾಗುವ ಮೊದಲು ಕೊಟ್ಟಿಗೆ ಭದ್ರ ಮಾಡುವುದು, ಮಕ್ಕಳನ್ನು ಒಬ್ಬೊಬ್ಬರೇ ಕಳಿಸದಿರುವುದು, ಅರಣ್ಯ ಇಲಾಖೆಗೆ ತಿಳಿಸುವುದು ಎಚ್ಚರಿಕೆ. ಉರುಳು ಹಾಕುವುದು, ವಿಷ ಇಡುವುದು, ಸುಳ್ಳು ಸುದ್ದಿ ಹಬ್ಬಿಸುವುದು ತೀರ್ಪು. ಎಚ್ಚರಿಕೆಯಲ್ಲಿ ತಪ್ಪಾದರೆ ತಿದ್ದಿಕೊಳ್ಳಬಹುದು, ತೀರ್ಪಿನಲ್ಲಿ ಹೋದ ಜೀವ ಬರುವುದಿಲ್ಲ. ಎಲ್ಲ ಜೀವಿಗಳಲ್ಲಿ ಕರುಣೆ ಇಡುತ್ತೇನೆಂದು 22 ಪ್ರತಿಜ್ಞೆಗಳಲ್ಲಿ ನಾವು ಮಾತು ಕೊಟ್ಟವರು.

ಹಿತವಾದ ಗುರುತಿಗೂ ಇದೇ ನಿಯಮ. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಎಚ್.ಎನ್. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂತು. ಬರಿದಾಗಿದ್ದ ಕೆರೆ ತುಂಬಿತು, ಕಣ್ಣಿಗೆ ಹಬ್ಬ. ಆದರೆ ನೀರು ಎರಡು ಹಂತ ಮಾತ್ರ ಶುದ್ಧವಾಗಿದೆ, ಮೂರನೇ ಹಂತವೂ ಬೇಕು ಎಂದು ಜಿಲ್ಲೆಯ ನೀರಾವರಿ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ತುಂಬಿದ ಕೆರೆ ಒಂದು ಹೆಜ್ಜೆ ಗುರುತು ಮಾತ್ರ. ಅದರಲ್ಲಿ ಏನಿದೆ ಎಂದು ಕೇಳುವುದು ಮುಂದಿನ ಹೆಜ್ಜೆ.

*ಈ ವಾರದ ಅಭ್ಯಾಸ:* ಮಕ್ಕಳನ್ನು ಕರೆದುಕೊಂಡು ಒಂದು ಬೆಳಿಗ್ಗೆ ಹತ್ತಿರದ ಕೆರೆಗೆ ಹೋಗಿ. ಶಿಡ್ಲಘಟ್ಟದವರಿಗೆ ರಾಮಸಮುದ್ರ ಕೆರೆ ಇದೆ, ಗೌರಿಬಿದನೂರಿನವರಿಗೆ ಉತ್ತರ ಪಿನಾಕಿನಿಯ ದಂಡೆ ಇದೆ. ಒಂದು ಹೆಜ್ಜೆ ಗುರುತು ತೋರಿಸಿ, ಹೆಸರು ಹೇಳಬೇಡಿ. "ಇದು ಯಾರದ್ದಿರಬಹುದು? ಹೇಗೆ ಗೊತ್ತು? ಇನ್ನೇನು ನೋಡಿದರೆ ಖಾತ್ರಿಯಾಗುತ್ತದೆ?" ಈ ಮೂರೇ ಪ್ರಶ್ನೆ ಕೇಳಿ. ಮಣ್ಣಿನ ಮೇಲೆ ಇವನ್ನು ಕೇಳಲು ಕಲಿತ ಮಗು ನಾಳೆ ಮನುಷ್ಯರ ಬಗ್ಗೆಯೂ ಕೇಳುತ್ತದೆ.

ಭವತು ಸಬ್ಬ ಮಂಗಳಂ. ಜೈ ಭೀಮ್.