ನಗುವಾಗ ನಾವು ಯಾರ ಕಡೆ?

ಶಿವಮೊಗ್ಗದ ಒಂದು ವಿದ್ಯಾರ್ಥಿನಿಲಯದಲ್ಲಿ ನಾವು ಗೆಳೆಯರು ಸೇರಿ ಚಾಪ್ಲಿನ್‌ನ ‘ದಿ ಗ್ರೇಟ್ ಡಿಕ್ಟೇಟರ್’ ತೋರಿಸಿದೆವು. ಗೋಡೆಗೆ ಕಟ್ಟಿದ ಬಿಳಿ ಪಂಚೆಯೇ ಪರದೆ. 1940ರ ಚಿತ್ರ ಅದು. ಹಿಟ್ಲರ್ ಯೂರೋಪನ್ನು ತುಳಿಯುತ್ತಿದ್ದಾಗಲೇ ಅವನನ್ನು ಹಿಂಕೆಲ್ ಎಂಬ ಹೆಸರಿನಲ್ಲಿ ಕೋತಿ ಕುಣಿಸಿದ ಹಾಗೆ ಕುಣಿಸಿದ ಚಿತ್ರ. ಅದರಲ್ಲಿ ಇಬ್ಬರು ತಿಕ್ಕಲು ಸಂಶೋಧಕರು ಬರುತ್ತಾರೆ. ಒಬ್ಬ ಗುಂಡು ತಾಗದ ಅಂಗಿ ತೊಟ್ಟು ಬಂದಿದ್ದಾನೆ. ಹಿಂಕೆಲ್ ಗುಂಡು ಹಾರಿಸುತ್ತಾನೆ, ಅವನು ಸತ್ತು ಬೀಳುತ್ತಾನೆ. ಇನ್ನೊಬ್ಬ ಟೋಪಿಯಂಥ ಪ್ಯಾರಾಚೂಟು ಹಾಕಿಕೊಂಡು ಎತ್ತರದ ಕಿಟಕಿಯಿಂದ ಹಾರುತ್ತಾನೆ. ಹಿಂಕೆಲ್ ಬಗ್ಗಿ ನೋಡಿ, ಹೀಗೆಲ್ಲ ಯಾಕೆ ನನ್ನ ಹೊತ್ತು ಹಾಳು ಮಾಡ್ತೀಯ ಅಂತ ತನ್ನ ಸೇನಾಧಿಪತಿಯನ್ನು ಗದರುತ್ತಾನೆ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವೂ ನಕ್ಕೆವು.

ಭದ್ರಾವತಿಯಿಂದ ಬಂದಿದ್ದ ಒಬ್ಬ ಹಿರಿಯ ಕಾರ್ಮಿಕರು ಮಾತ್ರ ನಗಲಿಲ್ಲ. ಚಿತ್ರ ಮುಗಿದ ಮೇಲೆ ಕೇಳಿದರು: “ಅಲ್ಲ ಕಣ್ರಪ್ಪಾ, ಕೆಳಗೆ ಬಿದ್ದ ಆ ಹೆಣ ಎತ್ತಿದೋರು ಯಾರು?”

ಯಾರೂ ಬಾಯಿ ಬಿಡಲಿಲ್ಲ. ಚಿತ್ರದಲ್ಲಿ ಅದಕ್ಕೆ ಉತ್ತರವಿಲ್ಲ. ಕೇರಿಯಲ್ಲಿ ಹುಟ್ಟಿದ ನಮಗೆ ಉತ್ತರ ಗೊತ್ತು. ದನ ಸತ್ತರೆ ಎತ್ತುವವರು ಯಾರು, ಗುಂಡಿ ತೋಡುವವರು ಯಾರು, ಸಾವಿನ ಸುದ್ದಿ ಹೊತ್ತು ಊರೂರು ತಿರುಗುವವರು ಯಾರು ಎಂಬುದನ್ನು ಜಾತಿ ಮೊದಲೇ ಬರೆದಿಟ್ಟಿದೆ.

ಹಾಗಾದರೆ ಆ ಹೊತ್ತು ನಾವು ನಕ್ಕದ್ದು ತಪ್ಪೇ? ಪೂರಾ ತಪ್ಪಲ್ಲ ಎಂದು ನಮಗನ್ನಿಸುತ್ತದೆ. ಸತ್ತವನನ್ನು ನೋಡಿ ನಗಿ ಎಂದು ಚಾಪ್ಲಿನ್ ಹೇಳಲಿಲ್ಲ. ಮನುಷ್ಯನ ಸಾವನ್ನು ಹೊತ್ತು ಹಾಳಾದ ಲೆಕ್ಕಕ್ಕೆ ಹಾಕುವ ದರ್ಬಾರನ್ನು ನೋಡಿ ನಗಿ ಎಂದ. ಅದೇ ಚಿತ್ರದಲ್ಲಿ ಯಹೂದಿ ಕ್ಷೌರಿಕನೂ ಅವನೇ, ಸರ್ವಾಧಿಕಾರಿಯೂ ಅವನೇ. ಇಬ್ಬರಿಗೂ ಒಂದೇ ಮುಖ. ರಕ್ತದಲ್ಲಿ ಮೇಲುಕೀಳು ಇದೆ ಎನ್ನುವವರ ಬಾಯಿಗೆ ಇದಕ್ಕಿಂತ ದೊಡ್ಡ ಬೀಗ ಬೇಕೆ? ಆದರೂ 1964ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಅವನು ಒಪ್ಪಿಕೊಂಡ: ಜರ್ಮನಿಯ ಯಾತನಾ ಶಿಬಿರಗಳ ನಿಜವಾದ ಘೋರ ಗೊತ್ತಿದ್ದಿದ್ದರೆ ಆ ಚಿತ್ರ ಮಾಡಲು ತನ್ನಿಂದ ಆಗುತ್ತಿರಲಿಲ್ಲ ಎಂದು. ನಗಿಸುವವನಿಗೂ ಹೆಣದ ಲೆಕ್ಕ ಇರಬೇಕು ಎಂಬುದನ್ನು ಅವನು ಕಲಿತದ್ದು ಹೀಗೆ.

ಅದೇ 1964ರಲ್ಲಿ ಕುಬ್ರಿಕ್‌ನ ‘ಡಾ. ಸ್ಟ್ರೇಂಜ್‌ಲವ್’ ಬಂತು. ಗಾಲಿಕುರ್ಚಿಯ ಹುಚ್ಚು ವಿಜ್ಞಾನಿ ಒಂದು ಉಪಾಯ ಹೇಳುತ್ತಾನೆ. ಅಣುಬಾಂಬಿನಿಂದ ಲೋಕ ಹಾಳಾದರೂ ಚಿಂತೆಯಿಲ್ಲ, ಆಯ್ದ ಕೆಲವರನ್ನು ಆಳವಾದ ಗಣಿಗಳಿಗೆ ಇಳಿಸಿ ಉಳಿಸೋಣ, ಆಯ್ಕೆಯನ್ನು ಯಂತ್ರ ಮಾಡಲಿ, ಆಳುವವರೂ ಸೇನಾಪತಿಗಳೂ ಮಾತ್ರ ಅದರಲ್ಲಿ ಇರಲೇಬೇಕು ಎನ್ನುತ್ತಾನೆ. ನಮ್ಮ ನಾಡಿನಲ್ಲಿ ನೆಲದಡಿಗೆ ಇಳಿದವರು ಯಾರು? ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವರಲ್ಲಿ ಬಹುಪಾಲು ದಲಿತರು. 2001ರಲ್ಲಿ ಗಣಿ ಮುಚ್ಚಿತು, ಅವರು ಬೀದಿಗೆ ಬಿದ್ದರು. ರಕ್ಷಣೆಯಿಲ್ಲದೆ ಮ್ಯಾನ್‌ಹೋಲಿಗೆ ಇಳಿಸಬಾರದೆಂದು 2013ರ ಕಾಯ್ದೆ ಹೇಳಿದ ಮೇಲೂ ಇಳಿದು ಸಾಯುವವರು ನಮ್ಮವರೇ. ಉಳಿಯುವುದಕ್ಕೆ ಗುಂಡಿ ಅವರಿಗೆ, ಸಾಯುವುದಕ್ಕೆ ಗುಂಡಿ ನಮಗೆ.

ಕನ್ನಡದಲ್ಲೂ ಗೂಢಚಾರರು ಬಂದರು. 1965ರ ಯುದ್ಧ ಮುಗಿದು ಮೂರು ವರ್ಷಕ್ಕೆ, 1968ರಲ್ಲಿ, ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ ಬಂತು. ರಾಜಕುಮಾರ್ ಸಿ.ಐ.ಡಿ. 999. ಬೇರೆ ಲೋಹವನ್ನು ಚಿನ್ನ ಮಾಡುವ ಸೂತ್ರ ಕಂಡುಹಿಡಿದ ಒಬ್ಬ ವಿಜ್ಞಾನಿ, ಆ ಸೂತ್ರದ ಬೆನ್ನು ಹತ್ತಿದ ದುಷ್ಟಕೂಟ. ನಮ್ಮ ಅಪ್ಪಂದಿರು ಶಿಳ್ಳೆ ಹೊಡೆದು ನೋಡಿದ ಚಿತ್ರ. ಆ ಖುಷಿಯನ್ನು ನಾವು ಹೀಗಳೆಯುವುದಿಲ್ಲ. ಆದರೆ 1923ರಿಂದ ಭದ್ರಾವತಿಯ ಕುಲುಮೆ ಉರಿದದ್ದು ಯಾವ ಸೂತ್ರದಿಂದ? ಕೆಮ್ಮಣ್ಣುಗುಂಡಿಯ ಅದಿರು ಅಗೆದವರು, ಮಲೆನಾಡಿನ ಮರ ಕಡಿದು ಇದ್ದಿಲು ಸುಟ್ಟವರು, ಬೆಂಕಿಯ ಮುಂದೆ ನಿಂತವರು, ಇವರ ಬೆವರೇ ಸೂತ್ರ. ಅದನ್ನು ಕದಿಯಲು ಗೂಢಚಾರ ಬೇಕಿಲ್ಲ, ಹಾಡುಹಗಲೇ ಕದಿಯಬಹುದು. ಅಂಥ ಕಳ್ಳತನ ಹಿಡಿಯಲು ಯಾವ ಸಿ.ಐ.ಡಿ.ಯೂ ಬರುವುದಿಲ್ಲ.

ಹಾಗಂತ ನಗಲೇಬಾರದಾ ಎಂದು ಕೆಲವು ಗೆಳೆಯರು ಕೇಳುತ್ತಾರೆ. ಯಾಕೆ ನಗಬಾರದು? ಗದ್ದೆಯಲ್ಲಿ ನಾಟಿ ಮಾಡುತ್ತ ನಮ್ಮ ಅವ್ವಂದಿರು ಗೌಡನ ನಡಿಗೆಯನ್ನು ಅಣಕಿಸಿ ನಕ್ಕದ್ದರಿಂದಲೇ ಎಷ್ಟೋ ದಿನ ಬದುಕು ಸಾಗಿದೆ. ಆ ನಗುವಿಗೆ ಅಪಾಯವಿತ್ತು, ಗೌಡನ ಕಿವಿಗೆ ಬಿದ್ದರೆ ಕೂಲಿ ಹೋಗುತ್ತಿತ್ತು. ಆಳಿನ ಮಾತಿನ ಧಾಟಿಯನ್ನು ಅಣಕಿಸಿ ಒಡೆಯ ನಗುವ ನಗುವಿಗೆ ಯಾವ ಅಪಾಯವೂ ಇಲ್ಲ. ನಮ್ಮ ನಾಟಕ ಸಿನಿಮಾಗಳಲ್ಲಿ ಬಹಳ ಕಾಲ ಹಾಸ್ಯ ಎಂದು ಚಲಾವಣೆಯಾದದ್ದು ಈ ಎರಡನೆಯದೇ.

ಇನ್ನೊಂದನ್ನೂ ಮರೆಯಬಾರದು. ನಮ್ಮ ಮೇಲೆ ಆಡಿದರೆ ಅದು ತಮಾಷೆ, ನಮ್ಮವರು ಆಡಿದರೆ ಗಲಭೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಯಾರೂ ನಕ್ಕು ಸುಮ್ಮನಾಗಲಿಲ್ಲ. ಮಂತ್ರಿಗಿರಿ ಹೋಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಆ ಏಟಿನ ನೆನಪಿನಲ್ಲೇ ಭದ್ರಾವತಿಯಲ್ಲಿ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ಸಂಗಾತಿಗಳ ಜೊತೆ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಯಾರು ಯಾರನ್ನು ಕಂಡು ನಗಬಹುದು ಎಂಬುದು ಬರೀ ರಸಿಕತೆಯ ಪ್ರಶ್ನೆಯಲ್ಲ, ಅಧಿಕಾರದ ಪ್ರಶ್ನೆ.

ಇದನ್ನು ಓದುವ ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮದೊಂದು ಮಾತು. ಶಾಲೆಯ ವಾರ್ಷಿಕೋತ್ಸವ ಬರುತ್ತದೆ, ನಗೆನಾಟಕ ಆಡಿಸುತ್ತೀರಿ. ರಾಜನ ಪಾತ್ರಕ್ಕೆ ಯಾವ ಹುಡುಗ, ಒದೆ ತಿನ್ನುವ ಪೆದ್ದನ ಪಾತ್ರಕ್ಕೆ ಯಾವ ಕೇರಿಯ ಹುಡುಗ? ಪಾತ್ರ ಹಂಚುವ ಮೊದಲು ಒಂದು ಗಳಿಗೆ ಯೋಚನೆ ಮಾಡಿ. ಆ ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಶುರುವಾಗಬೇಕು.