ಇಂದಿನ ಧಮ್ಮ ಚಿಂತನೆ: ವೈತರಣಿಯ ದೋಣಿಯಲ್ಲಿ ಅವ್ವ



ಹೋದ ಚಳಿಗಾಲ ಅವ್ವನನ್ನು ಕರೆದುಕೊಂಡು ಒಡಿಶಾಕ್ಕೆ ಹೋಗಿದ್ದೆ. ಧೌಳಿಯಲ್ಲಿ ಅಶೋಕನ ಶಾಸನ, ಲಲಿತಗಿರಿಯಲ್ಲಿ ಸ್ತೂಪ ನೋಡಿಕೊಂಡು ಭಿತರ್‌ಕನಿಕಾ ರಾಷ್ಟ್ರೀಯ ಉದ್ಯಾನಕ್ಕೆ ಬಂದೆವು. ಬ್ರಾಹ್ಮಣಿ, ಬೈತರಣಿ ನದಿಗಳು ಕಡಲು ಸೇರುವಲ್ಲಿ ಬೆಳೆದ ಕಾಂಡ್ಲಾ ಕಾಡು ಅದು. ಬೈತರಣಿ ಎಂದರೆ ನಾವು ಚಿಕ್ಕಂದಿನಿಂದ ಕೇಳಿ ಹೆದರಿದ್ದ ವೈತರಣಿಯ ಹೆಸರೇ.

ಹೆಸರು ಕೇಳಿ ಅವ್ವ ಸುಮ್ಮನಾದಳು. ಅಪ್ಪ ತೀರಿಕೊಂಡಾಗ ನಾವಿನ್ನೂ ದೀಕ್ಷೆ ಪಡೆದಿರಲಿಲ್ಲ. ಗೋದಾನ ಮಾಡದಿದ್ದರೆ ಸತ್ತವರು ವೈತರಣಿ ದಾಟುವುದಿಲ್ಲ ಎಂದು ಒಬ್ಬರು ಅಂಗಳದಾಚೆ ದೂರ ನಿಂತು ಹೇಳಿದರು. ನಮ್ಮಲ್ಲಿ ಆಕಳೆಲ್ಲಿತ್ತು? ಅವ್ವ ಸಾಲ ಮಾಡಿ ಆಕಳ ಬದಲು ರೊಕ್ಕ ಕೊಟ್ಟಳು. ಆ ಸಾಲ ತೀರಿಸಲು ಎರಡು ಸುಗ್ಗಿ ಕೂಲಿ ಮಾಡಿದಳು. (ನಮ್ಮನ್ನು ಮುಟ್ಟಬಾರದಿತ್ತು, ನಮ್ಮ ರೊಕ್ಕ ಮುಟ್ಟಬಹುದಿತ್ತು.)

ದೋಣಿಯಲ್ಲಿ ಕೂತ ಮೇಲೆ ಅವ್ವ ಕೇಳಿದಳು, "ನಿಮ್ಮಪ್ಪ ದಾಟಬೇಕಾಗಿದ್ದ ಹೊಳಿ ಇದೇ ಏನೋ?"

"ಹೆಸರು ಅದೇ ಅವ್ವ."

"ದೋಣಿ ಐತಲ್ಲೋ. ಆಕಳ ಯಾಕ ಬೇಕಾಗಿತ್ತು?"

ನಾನು ನಕ್ಕೆ. ಅವ್ವ ನಗಲಿಲ್ಲ. ನೀರಿಗೆ ಕೈ ಇಳಿಸಲು ಹೋದವಳನ್ನು ದೋಣಿಯವರು ತಡೆದರು, ಮೊಸಳೆಗಳಿವೆ ಎಂದು. ಕಥೆಯ ನದಿಯಲ್ಲಿ ಕೀವು, ನೆತ್ತರು. ಇಲ್ಲಿ ಕೆಸರು, ಉಪ್ಪುನೀರು, ಎರಡೂ ದಡಕ್ಕೆ ಹಸಿರು. ಆ ಉಪ್ಪಿನಲ್ಲಿ ಬೇರೆ ಹೆಚ್ಚಿನ ಗಿಡಗಳು ಬದುಕುವುದಿಲ್ಲ. ಕಾಂಡ್ಲಾ ಜಾತಿಗಳು ಬದುಕಿವೆ: ಕೆಲವು ಬೇರಿನಲ್ಲೇ ಉಪ್ಪನ್ನು ತಡೆಯುತ್ತವೆ, ಕೆಲವು ಎಲೆಯ ಮೇಲೆ ಹೊರಹಾಕುತ್ತವೆ. ಕೆಸರಿನಲ್ಲಿ ಗಾಳಿ ಸಿಗದೆಂದು ಬೇರುಗಳೇ ಮೇಲೆದ್ದು ಉಸಿರಾಡುತ್ತವೆ. ಸುಂದರಿ ಮರದ ಒಂದು ಬಗೆಯಂತೂ ಈ ಕಾಡು ಬಿಟ್ಟು ಜಗತ್ತಿನಲ್ಲಿ ಮತ್ತೆಲ್ಲೂ ಇಲ್ಲ. 1999ರ ಅಕ್ಟೋಬರ್‌ನ ಮಹಾ ಚಂಡಮಾರುತದಲ್ಲಿ, ದಟ್ಟ ಕಾಂಡ್ಲಾದ ಹಿಂದಿದ್ದ ಹಳ್ಳಿಗಳಲ್ಲಿ ಸಾವು ಕಡಿಮೆಯಾಯಿತು. ಆ ನದಿಬಾಯಲ್ಲಿ ಜನರನ್ನು ಕಾಯ್ದದ್ದು ಗಿಡಮರ.

1956ರ ಅಕ್ಟೋಬರ್ 15ರಂದು ನಾಗಪುರದಲ್ಲಿ ಬಾಬಾಸಾಹೇಬರು ಭಗವಾನ್ ಬುದ್ಧರ ಸಮುದ್ರದ ಉಪಮೆಯನ್ನು ನೆನೆದರು. ಕಡಲು ಸೇರಿದ ಮೇಲೆ ನದಿಗಳಿಗೆ ಹೆಸರಿಲ್ಲ, ಸಂಘ ಸೇರಿದ ಮೇಲೆ ಜಾತಿಯಿಲ್ಲ. ಬ್ರಾಹ್ಮಣಿ ಎಂಬ ಹೊಳೆಯೂ ಅಲ್ಲಿ ಹೆಸರು ಕಳಕೊಳ್ಳುವುದನ್ನು ಕಣ್ಣಾರೆ ಕಂಡೆ.

22 ಪ್ರತಿಜ್ಞೆಗಳಲ್ಲಿ ಶ್ರಾದ್ಧ ಮಾಡೆನು, ಪಿಂಡ ಇಡೆನು ಎಂದಿದ್ದೇವೆ. ಆದರೂ ಸಾವಿನ ಮನೆಯಲ್ಲಿ "ಇದೊಂದು ಮಾಡಿಬಿಡೋಣ, ಯಾರಿಗೆ ಗೊತ್ತು" ಎನ್ನುವವರು ನಮ್ಮ ಬಳಗದಲ್ಲೂ ಇದ್ದಾರೆ. ಅವರನ್ನು ಬೈಯಲಾರೆ. ದುಃಖದಲ್ಲಿದ್ದವರಿಗೆ ಹಳೆಯ ಭಯ ಬೇಗ ತಟ್ಟುತ್ತದೆ. ಅಂಥ ಹೊತ್ತಲ್ಲಿ ನಾವು ಹೋಗಿ ಜೊತೆಗೆ ಕೂರಬೇಕು.

ದಡ ಸೇರುವಾಗ ಅವ್ವ ಅಂದಳು, "ನಾ ಸತ್ತಾಗ ಯಾರಿಗೂ ಆಕಳ ರೊಕ್ಕ ಕೊಡಬ್ಯಾಡ. ತ್ರಿಶರಣ ಪಂಚಶೀಲ ಹೇಳ್ರಿ. ಆ ರೊಕ್ಕದಾಗ ಓಣಿ ಹುಡುಗರಿಗೆ ನೋಟ್‌ಬುಕ್ ಕೊಡಸು."

ಎಷ್ಟು ನೋಟ್‌ಬುಕ್ ಎಂದು ಕೇಳಿದೆ. ಒಂದು ಆಕಳಿನಷ್ಟು ಎಂದಳು.

ಭವತು ಸಬ್ಬ ಮಂಗಲಂ. ಜೈ ಭೀಮ್ 💙